ಇಳಿಸಿಕೊಂಡ ಕಡತಕ್ಕೂ ಒಂದು ಆವಕ ಪುಸ್ತಕ ಬೇಡವೇ?

ನಮ್ಮ ಹಿರಿಯರ ಕಾಲದ ಅಂಗಡಿ, ಗಿರಣಿಗಳಲ್ಲಿ ಒಂದು ಒಳ್ಳೆಯ ಪದ್ಧತಿಯಿತ್ತು. ಅಂಚೆಯಲ್ಲಿ ಬಂದ ಕಾಗದವಾಗಲಿ, ಲಾರಿಯ ಜೊತೆ ಬಂದ ಬಿಲ್ಲಾಗಲಿ, ಗುಮಾಸ್ತರು ಮೊದಲು ಅದನ್ನು ಆವಕ ಪುಸ್ತಕದಲ್ಲಿ ದಾಖಲಿಸಿ, ಸಂಖ್ಯೆ ಹಾಕಿ, ದಿನಾಂಕದ ಮೊಹರು ಒತ್ತುತ್ತಿದ್ದರು. ಅನಂತರವೇ ಅದು ಸಂಬಂಧಪಟ್ಟ ಕಡತ ಸೇರುತ್ತಿತ್ತು. ಮೊಹರು ಬೀಳದ ಕಾಗದವನ್ನು ಯಜಮಾನರು ಮುಟ್ಟುತ್ತಿರಲಿಲ್ಲ.

ಇಂದು ಕಾಗದಗಳು ಬರುವ ದಾರಿ ಬದಲಾಗಿದೆ. ಜಿಎಸ್‌ಟಿ ಪೋರ್ಟಲ್‌ನಿಂದ ಜಿಎಸ್‌ಟಿಆರ್-2ಬಿ, ಆದಾಯ ತೆರಿಗೆಯ ನಮೂನೆ 26ಎಎಸ್ ಮತ್ತು ವಾರ್ಷಿಕ ಮಾಹಿತಿ ಪಟ್ಟಿ, ಬ್ಯಾಂಕಿನ ಖಾತೆ ವಿವರ, ಇ-ವೇ ಬಿಲ್ ಪಟ್ಟಿ ಹೀಗೆ ಎಲ್ಲವನ್ನೂ ನಾವೇ ಅಂತರ್ಜಾಲದಿಂದ ಇಳಿಸಿಕೊಳ್ಳುತ್ತೇವೆ. ಆದರೆ ಆವಕ ಪುಸ್ತಕ ಮಾತ್ರ ಮರೆಯಾಗಿದೆ. ನಮ್ಮ ಬಹುತೇಕ ಸಂಸ್ಥೆಗಳಲ್ಲಿ ಇವೆಲ್ಲವೂ ಗಣಕಯಂತ್ರದ 'ಡೌನ್‌ಲೋಡ್ಸ್' ಎಂಬ ಒಂದೇ ಗೋದಾಮಿನಲ್ಲಿ, ಮದುವೆ ಆಮಂತ್ರಣ ಪತ್ರಿಕೆ ಮತ್ತು ರೈಲ್ವೆ ಟಿಕೆಟ್‌ಗಳ ಜೊತೆಗೆ ರಾಶಿಯಾಗಿ ಬಿದ್ದಿರುತ್ತವೆ. ಕಡತಗಳನ್ನು ಇಳಿಸಿಕೊಳ್ಳುವ ತಂತ್ರಾಂಶದೊಳಗೇ, ಇಳಿಸಿದ ನಂತರ ಮಾಡಬೇಕಾದ ಕೆಲಸಗಳನ್ನೂ ತಾನಾಗಿ ನಡೆಯುವಂತೆ ಅಳವಡಿಸಬೇಕು ಎಂಬುದು ಈ ಲೇಖನದ ವಾದ. ಅದರೊಂದಿಗೆ, ಆ ಸ್ವಯಂಚಾಲಿತ ಕೆಲಸಕ್ಕೆ ಲೆಕ್ಕಪರಿಶೋಧಕನ ಶಿಸ್ತನ್ನು ಹಾಕದಿದ್ದರೆ ಲಾಭಕ್ಕಿಂತ ಹಾನಿಯೇ ಹೆಚ್ಚು ಎಂಬುದನ್ನೂ ಹೇಳಬೇಕಾಗಿದೆ.

ನಮ್ಮ ಕಛೇರಿಯಲ್ಲೇ ನಡೆದ ತಪ್ಪು

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಗಣಕಯಂತ್ರದ ಮೇಲಿನ ಪ್ರೀತಿಯಿಂದಲ್ಲ, ಒಂದು ನಷ್ಟದಿಂದ. ಕೆಲವು ವರ್ಷಗಳ ಹಿಂದೆ ಸಂಗನಕಲ್ಲಿನಲ್ಲಿ ಜೀನ್ಸ್ ಹೊಲಿಗೆ ಘಟಕ ನಡೆಸುವ ನಮ್ಮ ಕಕ್ಷಿದಾರರೊಬ್ಬರ 2ಬಿ ಕಡತವನ್ನು ನನ್ನ ಸಹಾಯಕರೊಬ್ಬರು ಇಳಿಸಿಕೊಂಡರು. ಖರೀದಿ ಪುಸ್ತಕದೊಂದಿಗೆ ತಾಳೆ ನೋಡುತ್ತಾ, ಸರಿಹೊಂದಿದ ಕೆಲವು ಸಾಲುಗಳನ್ನು ಅಳಿಸಿ, ಅದೇ ಹೆಸರಿನಲ್ಲಿ ಉಳಿಸಿಟ್ಟರು. ಉಳಿದದ್ದನ್ನು ನಾಳೆ ನೋಡೋಣ ಎಂಬುದು ಅವರ ಎಣಿಕೆ. ಮರುದಿನ ಅವರು ರಜೆಯ ಮೇಲೆ ಹೋದರು. ಎರಡನೆಯ ಸಹಾಯಕರು ಆ ಕಡತವನ್ನೇ ಪೂರ್ಣ ಪಟ್ಟಿ ಎಂದು ತಿಳಿದರು. ಪುಸ್ತಕದೊಂದಿಗೆ ಬಂದ ವ್ಯತ್ಯಾಸವನ್ನು 'ಪೂರೈಕೆದಾರರು ಇನ್ನೂ ತೋರಿಸಿಲ್ಲ' ಎಂದು ಭಾವಿಸಿದರು. ಪೋರ್ಟಲ್ ತಾನಾಗಿ ತುಂಬಿದ್ದ ಮೊತ್ತವನ್ನು ತಿದ್ದಿ, ತಮ್ಮ ಹಾಳೆಯ ಕಡಿಮೆ ಮೊತ್ತವನ್ನು ನಮೂದಿಸಿ 3ಬಿ ಸಲ್ಲಿಸಿದರು.

ಅವರು ಯೋಚಿಸಿದ್ದರಲ್ಲಿ ಕಾನೂನಿನ ದೃಷ್ಟಿಯಿಂದ ತಪ್ಪಿರಲಿಲ್ಲ. 2022ರ ಜನವರಿ 1ರಿಂದ, 2ಬಿಯಲ್ಲಿ ಕಾಣದ ಬಿಲ್ಲಿನ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯುವಂತಿಲ್ಲ. ಆದರೆ ಆ ಬಿಲ್ಲುಗಳು ಪೋರ್ಟಲ್‌ನಲ್ಲಿದ್ದವು. ಕಾಣೆಯಾದದ್ದು ನಮ್ಮ ಗಣಕಯಂತ್ರದಲ್ಲಿ. ಮುಂದಿನ ಡಿಸೆಂಬರ್‌ನಲ್ಲಿ ವಾರ್ಷಿಕ ವಿವರಣ ಪಟ್ಟಿ ಸಿದ್ಧಪಡಿಸುವಾಗ ತಪ್ಪು ಬೆಳಕಿಗೆ ಬಂದಿತು. ಹಿಂದಿನ ವರ್ಷದ ಜಮೆ ಪಡೆಯಲು ಕಲಮು 16(4) ನೀಡುವ ನವೆಂಬರ್ 30ರ ಗಡುವು ಆಗಲೇ ಕಳೆದಿತ್ತು. ಅರ್ಧ ಲಕ್ಷಕ್ಕೆ ಸಮೀಪದ ಮೊತ್ತ ಕೈತಪ್ಪಿತು. ಹೊಲಿಗೆಯವರಿಗೆ ವಾರವಾರ ಕೂಲಿ ಕೊಡಬೇಕಾದ ಸಣ್ಣ ಘಟಕಕ್ಕೆ ಅದು ಸಣ್ಣ ಹಣವಲ್ಲ. ಆ ವರ್ಷದ ಶುಲ್ಕವನ್ನು ನಾನು ಪಡೆಯಲಿಲ್ಲ, ಆದರೆ ಅದರಿಂದ ಅವರ ನಷ್ಟ ತುಂಬಲಿಲ್ಲ.

ಇಬ್ಬರು ಸಹಾಯಕರೂ ಪ್ರಾಮಾಣಿಕರು, ಕೆಲಸ ಬಲ್ಲವರು. ತಪ್ಪಿದ್ದದ್ದು ವ್ಯವಸ್ಥೆಯಲ್ಲಿ. ಮೂಲ ಕಡತಕ್ಕೂ ಕೆಲಸದ ಪ್ರತಿಗೂ ನಮ್ಮಲ್ಲಿ ವ್ಯತ್ಯಾಸವೇ ಇರಲಿಲ್ಲ.

ಇಳಿಸುವ ತಂತ್ರಾಂಶದಲ್ಲೇ ಏಕೆ?

ಕಡತ ಇಳಿದ ನಂತರ ನಡೆಯುವ ಕೆಲಸವನ್ನು ಬೇರೊಂದು ತಂತ್ರಾಂಶಕ್ಕೆ ಒಪ್ಪಿಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಫೋಲ್ಡರ್ ಒಂದನ್ನು ಕಾಯುತ್ತಾ, ಹೊಸ ಕಡತ ಬಂದೊಡನೆ ಎತ್ತಿಕೊಳ್ಳುವ ತಂತ್ರಾಂಶಗಳು ಇವೆ. ಅವುಗಳಿಗೆ ಎರಡು ಕೊರತೆಗಳಿವೆ. ಮೊದಲನೆಯದು, ಕಡತ ಪೂರ್ತಿಯಾಗಿ ಇಳಿಯಿತೋ ಇಲ್ಲವೋ ಎಂಬುದು ಹೊರಗಿನವನಿಗೆ ಖಚಿತವಾಗಿ ತಿಳಿಯದು. ಕ್ರೋಮ್ ಬ್ರೌಸರ್ ಅರ್ಧ ಇಳಿದ ಕಡತದ ಹೆಸರಿಗೆ 'ಸಿಆರ್‌ಡೌನ್‌ಲೋಡ್' ಎಂಬ ಬಾಲವನ್ನೂ ಫೈರ್‌ಫಾಕ್ಸ್ 'ಪಾರ್ಟ್' ಎಂಬ ಬಾಲವನ್ನೂ ಅಂಟಿಸುವುದು ಈ ಗೊಂದಲ ತಪ್ಪಿಸಲೆಂದೇ. ಎರಡನೆಯದು, ಕಡತ ಯಾವ ವಿಳಾಸದಿಂದ, ಯಾರ ಖಾತೆಯಿಂದ, ಯಾವ ಹೊತ್ತಿಗೆ ಬಂತೆಂಬುದು ಇಳಿಸಿಕೊಂಡ ತಂತ್ರಾಂಶಕ್ಕೆ ಮಾತ್ರ ನೇರವಾಗಿ ತಿಳಿದಿರುತ್ತದೆ. ಲಾರಿಯಿಂದ ಮಾಲು ಇಳಿಸಿಕೊಂಡವನೇ ತೂಕದ ಚೀಟಿ ಬರೆಯಬೇಕು. ಮಾಲು ಗೋದಾಮು ಸೇರಿದ ಮೇಲೆ ಬಂದವನು ಊಹಿಸಿ ಬರೆಯಬೇಕಾಗುತ್ತದೆ.

ಇದೇನೂ ಹೊಸ ಕಲ್ಪನೆಯಲ್ಲ. ಏರಿಯಾ2 ಎಂಬ ಮುಕ್ತ ತಂತ್ರಾಂಶದಲ್ಲಿ, ಕಡತ ಪೂರ್ಣವಾಗಿ ಇಳಿದ ಕೂಡಲೇ ನಾವು ಸೂಚಿಸಿದ ಮತ್ತೊಂದು ಆದೇಶವನ್ನು ನಡೆಸುವ ಅನುಕೂಲವಿದೆ. ನಮ್ಮ ಕಛೇರಿಗಾಗಿ ಪರಿಚಿತ ಯುವಕರೊಬ್ಬರು ಬರೆದುಕೊಟ್ಟ ತಂತ್ರಾಂಶವೂ ಇದೇ ತತ್ವದ್ದು. ಅದರೊಳಗೇ ಬ್ರೌಸರ್ ಕಿಟಕಿಯೊಂದಿದೆ. ಸಹಾಯಕರು ಎಂದಿನಂತೆ ಅದರಲ್ಲಿ ಪೋರ್ಟಲ್ ಪ್ರವೇಶಿಸುತ್ತಾರೆ. ಗುಪ್ತಪದ, ಚಿತ್ರಾಕ್ಷರ, ಒಟಿಪಿ ಎಲ್ಲವನ್ನೂ ಅವರೇ ತುಂಬುತ್ತಾರೆ. ಕಡತ ಇಳಿದ ಕ್ಷಣದಿಂದ ಮುಂದಿನದು ತಂತ್ರಾಂಶದ ಹೊಣೆ. ಪೋರ್ಟಲ್ ಪ್ರವೇಶವನ್ನೂ ಯಂತ್ರಕ್ಕೆ ಬಿಡುವ ಆಸೆ ಹಲವರಿಗಿದೆ. ಹಾಗೆ ಮಾಡಬೇಕೆನ್ನುವವರು ಜಿಎಸ್‌ಟಿ ಸುವಿಧಾ ಪ್ರೊವೈಡರ್‌ಗಳ ಮೂಲಕ ಇರುವ ಅಧಿಕೃತ ದಾರಿ ಹಿಡಿಯಬೇಕೇ ಹೊರತು, ಚಿತ್ರಾಕ್ಷರಕ್ಕೆ ಕಣ್ಣು ತಪ್ಪಿಸುವ ಕಳ್ಳದಾರಿಯನ್ನಲ್ಲ.

ಯಂತ್ರ ಮಾಡಬೇಕಾದ ಆರು ಕೆಲಸಗಳು

ಮೊದಲನೆಯದು, ಕಡತ ಪೂರ್ಣವಾಗಿದೆಯೇ ಮತ್ತು ನಿಜವಾದದ್ದೇ ಎಂಬ ಪರೀಕ್ಷೆ. ಕಳುಹಿಸುವ ಸರ್ವರ್ ಸಾಮಾನ್ಯವಾಗಿ ಕಡತದ ಅಳತೆಯನ್ನು ಮುಂಚಿತವಾಗಿ ತಿಳಿಸುತ್ತದೆ. ಇಳಿದದ್ದು ಅಷ್ಟೇ ಇದೆಯೇ ಎಂದು ನೋಡಬೇಕು. ಇನ್ನೊಂದು ಮೋಸವಿದೆ. ಪೋರ್ಟಲ್‌ನಲ್ಲಿ ಕಾಲಾವಧಿ ಮುಗಿದಾಗ 'ಮತ್ತೆ ಪ್ರವೇಶಿಸಿ' ಎಂಬ ಪುಟವೇ ಎಕ್ಸೆಲ್ ಹೆಸರಿನಲ್ಲಿ ಇಳಿದುಬರುವುದುಂಟು. ನಿಜವಾದ ಎಕ್ಸ್‌ಎಲ್‌ಎಸ್‌ಎಕ್ಸ್ ಕಡತ ಒಳಗೆ ಜಿಪ್ ಕಡತವೇ ಆಗಿದ್ದು, ಅದರ ಮೊದಲ ಎರಡು ಅಕ್ಷರಗಳು 'ಪಿಕೆ'. ಪಿಡಿಎಫ್ ಆದರೆ ಶೇಕಡಾ ಚಿಹ್ನೆ ಮತ್ತು 'ಪಿಡಿಎಫ್' ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಹೆಸರನ್ನು ನಂಬದೆ ಒಡಲನ್ನು ನೋಡುವ ಈ ಪರೀಕ್ಷೆಗೆ ಕ್ಷಣಮಾತ್ರ ಸಾಕು.

ಎರಡನೆಯದು, ಮೂಲ ಕಡತಕ್ಕೆ ಮೊಹರು. ಕಡತದ ಹ್ಯಾಶ್ ಮೌಲ್ಯವನ್ನು ಲೆಕ್ಕ ಹಾಕಿ ಬರೆದಿಡಬೇಕು. ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಇದು 64 ಅಂಕಿ-ಅಕ್ಷರಗಳ ಸಾಲು. ಇದನ್ನು ಕಡತದ ಬೆರಳಚ್ಚು ಎನ್ನಬಹುದು. ಒಳಗೆ ಒಂದೇ ಒಂದು ಅಂಕಿ ಬದಲಾದರೂ ಈ ಸಾಲು ಬೇರೆಯಾಗುತ್ತದೆ. ಮೊಹರು ಬಿದ್ದ ಮೂಲವನ್ನು ಓದಲು ಮಾತ್ರ ಸಾಧ್ಯವಿರುವ ಫೋಲ್ಡರಿನಲ್ಲಿಟ್ಟು, ಮುಂದಿನ ಕೆಲಸವನ್ನೆಲ್ಲ ಪ್ರತಿಯ ಮೇಲೆ ನಡೆಸಬೇಕು.

ಮೂರನೆಯದು, ಬೀಗ ತೆಗೆಯುವುದು ಮತ್ತು ಬಿಚ್ಚುವುದು. 26ಎಎಸ್‌ನ ಪಠ್ಯರೂಪದ ಜಿಪ್ ಕಡತಕ್ಕೆ ಜನ್ಮದಿನಾಂಕವೇ ಬೀಗದ ಕೈ. ವಾರ್ಷಿಕ ಮಾಹಿತಿ ಪಟ್ಟಿಯ ಪಿಡಿಎಫ್‌ಗೆ ಸಣ್ಣಕ್ಷರದ ಪ್ಯಾನ್ ಸಂಖ್ಯೆ ಮತ್ತು ಜನ್ಮದಿನಾಂಕ ಸೇರಿ ಬೀಗದ ಕೈಯಾಗುತ್ತದೆ. ಕಂಪನಿಗಳಿಗೆ ಜನ್ಮದಿನಾಂಕದ ಬದಲು ಸ್ಥಾಪನೆಯ ದಿನಾಂಕ. ಇವನ್ನು ಯಂತ್ರ ಸುಲಭವಾಗಿ ತೆಗೆಯಬಲ್ಲದು. ಆದರೆ ಬೀಗ ತೆಗೆದ ಪ್ರತಿ ಬಯಲಿಗೆ ಬಿದ್ದ ದಾಖಲೆ ಎಂಬುದನ್ನು ಮರೆಯಬಾರದು. ಅದು ಯಾರ ಕಣ್ಣಿಗೆ ಬೀಳಬಹುದೆಂಬುದನ್ನು ಯಜಮಾನರು ಮೊದಲೇ ನಿರ್ಧರಿಸಿರಬೇಕು. ಬಿಚ್ಚಿದ ಕಡತಗಳು ಗೊತ್ತುಪಡಿಸಿದ ಫೋಲ್ಡರಿನ ಆಚೆಗೆ ಹೋಗಬಾರದು. ಒಳಗೆ ಚಾಲನೆಗೊಳ್ಳುವ ತಂತ್ರಾಂಶ ಕಂಡುಬಂದರೆ ಅದನ್ನು ನಡೆಸದೆ ಅಲ್ಲಿಯೇ ನಿಲ್ಲಬೇಕು.

ನಾಲ್ಕನೆಯದು, ನಾಮಕರಣ. ಜಿಎಸ್‌ಟಿ ಸಂಖ್ಯೆ, ತೆರಿಗೆ ಅವಧಿ, ಕಡತದ ಬಗೆ, ಇಳಿಸಿದ ದಿನಾಂಕ ಮತ್ತು ಸಮಯ ಈ ಕ್ರಮದಲ್ಲಿ ಹೆಸರಿರಲಿ. ಗಡಿ ಜಿಲ್ಲೆಯವರಾದ ನಮ್ಮಲ್ಲಿ ಕರ್ನಾಟಕದ 29 ಮತ್ತು ಆಂಧ್ರಪ್ರದೇಶದ 37, ಎರಡೂ ಸಂಕೇತಗಳ ನೋಂದಣಿ ಇರುವ ವರ್ತಕರಿದ್ದಾರೆ. ಪ್ಯಾನ್ ಒಂದೇ ಆದ್ದರಿಂದ ಕಡತಗಳು ಅದಲುಬದಲಾಗುವ ಸಂಭವ ಹೆಚ್ಚು. ಸಮಯವನ್ನೂ ಏಕೆ ಸೇರಿಸಬೇಕೆಂದರೆ, 2024ರ ಅಕ್ಟೋಬರ್‌ನಲ್ಲಿ ಇನ್‌ವಾಯ್ಸ್ ನಿರ್ವಹಣಾ ವ್ಯವಸ್ಥೆ ಬಂದ ಮೇಲೆ, 14ನೇ ತಾರೀಖಿನ ನಂತರ ನಾವು ಬಿಲ್ಲೊಂದನ್ನು ಒಪ್ಪಿದರೆ ಅಥವಾ ತಿರಸ್ಕರಿಸಿದರೆ 2ಬಿಯನ್ನು ಮತ್ತೆ ಲೆಕ್ಕ ಹಾಕಿಸಬೇಕಾಗುತ್ತದೆ. ಹೀಗಾಗಿ ಒಂದೇ ತಿಂಗಳಿಗೆ ಎರಡು 2ಬಿಗಳು, ಎರಡೂ ನಿಜವಾದವು, ನಮ್ಮಲ್ಲಿರಬಹುದು. ಯಾವುದು ನಂತರದ್ದು ಎಂಬುದು ಹೆಸರಿನಲ್ಲೇ ಕಾಣಬೇಕು.

ಐದನೆಯದು, ರೂಪಾಂತರ. ಪಠ್ಯ ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಅದು ತನ್ನ ಬುದ್ಧಿಯನ್ನು ಬಳಸುತ್ತದೆ. ಒಣ ಮೆಣಸಿನಕಾಯಿಯ ಎಚ್‌ಎಸ್‌ಎನ್ ಸಂಕೇತವಾದ 0904 ಎಂಬುದು 904 ಆಗುತ್ತದೆ. 3-24 ಎಂಬ ಬಿಲ್ ಸಂಖ್ಯೆ ದಿನಾಂಕವಾಗುತ್ತದೆ. 15 ಅಂಕಿಗಳನ್ನು ಮೀರಿದ ಖಾತೆ ಸಂಖ್ಯೆಯ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ. ಮಾನವ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ, ಎಕ್ಸೆಲ್ ಅವುಗಳ ಸಂಕ್ಷಿಪ್ತ ಹೆಸರುಗಳನ್ನು ಮಾರ್ಚ್, ಸೆಪ್ಟೆಂಬರ್ ತಿಂಗಳುಗಳಾಗಿ ಬದಲಿಸುತ್ತಿದ್ದ ಕಾಟಕ್ಕೆ ಸೋತು, 2020ರಲ್ಲಿ ಹೆಸರಿಡುವ ನಿಯಮವನ್ನೇ ತಿದ್ದಿಕೊಂಡಿತು. ಆದ್ದರಿಂದ ಪ್ರತಿಯೊಂದು ಕಂಬಸಾಲೂ ಅಕ್ಷರವೋ ಅಂಕಿಯೋ ದಿನಾಂಕವೋ ಎಂಬುದನ್ನು ತಂತ್ರಾಂಶಕ್ಕೆ ನಾವೇ ಮೊದಲು ಹೇಳಿಕೊಟ್ಟಿರಬೇಕು.

ಆರನೆಯದು, ಆವಕ ಪುಸ್ತಕ. ಮೇಲಿನ ಪ್ರತಿಯೊಂದು ಹಂತವೂ ಯಾವಾಗ ನಡೆಯಿತು, ಯಾವ ಸಹಾಯಕರು ಕುಳಿತಿದ್ದರು, ಫಲಿತಾಂಶವೇನು ಎಂಬುದು ಒಂದೊಂದು ಸಾಲಾಗಿ ದಾಖಲಾಗಬೇಕು.

ಇಂಗ್ಲೆಂಡಿನ ಪಾಠ

ಇಷ್ಟೆಲ್ಲ ಯಂತ್ರಕ್ಕೆ ಒಪ್ಪಿಸಿ ನಿಶ್ಚಿಂತರಾಗಬಹುದೇ? ಆಗಬಾರದು ಎಂಬುದಕ್ಕೆ 2020ರ ಕೊರೋನಾ ಕಾಲದ ಒಂದು ಪ್ರಸಂಗ ಸಾಕು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ, ಪ್ರಯೋಗಾಲಯಗಳಿಂದ ಬಂದ ಪರೀಕ್ಷಾ ಫಲಿತಾಂಶದ ಕಡತಗಳನ್ನು ತಾನಾಗಿ ಎಳೆದುಕೊಂಡು ಎಕ್ಸೆಲ್ ಹಾಳೆಗೆ ತುಂಬುವ ವ್ಯವಸ್ಥೆ ಮಾಡಿಕೊಂಡಿತ್ತು. ಬಳಸಿದ್ದು ಹಳೆಯ ಎಕ್ಸ್‌ಎಲ್‌ಎಸ್ ಮಾದರಿ. ಅದರ ಒಂದು ಹಾಳೆಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮಿಕ್ಕ ಸಾಲುಗಳು ಸದ್ದಿಲ್ಲದೆ ಬಿದ್ದುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರ ವಿವರ ದೈನಿಕ ಲೆಕ್ಕದಿಂದ ತಪ್ಪಿಹೋಯಿತು. ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸ ಆ ಮಟ್ಟಿಗೆ ತಡವಾಯಿತು.

ಅಲ್ಲಿ ಇಳಿಕೆಯೂ ಸರಿಯಾಗಿತ್ತು, ಪ್ರಯೋಗಾಲಯದ ಕಡತವೂ ಸರಿಯಾಗಿತ್ತು. ಕೆಟ್ಟದ್ದು ನಡುವಿನ ಸಂಸ್ಕರಣೆ. ಬಂದ ಸಾಲುಗಳೆಷ್ಟು, ತುಂಬಿದ ಸಾಲುಗಳೆಷ್ಟು ಎಂದು ಕೊನೆಯಲ್ಲಿ ಒಮ್ಮೆ ತಾಳೆ ನೋಡಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಕಿರ್ದಿ, ಖಾತೆ ಬರೆಯುವ ನಮ್ಮ ಗುಮಾಸ್ತರು ಪುಟದ ಕೊನೆಗೆ ಮೊತ್ತ ಹಾಕಿ ಮುಂದಿನ ಪುಟಕ್ಕೆ ಒಯ್ಯುತ್ತಿದ್ದುದು ಇದಕ್ಕಾಗಿಯೇ. ಆದ್ದರಿಂದ ರೂಪಾಂತರದ ಮುನ್ನ ಮತ್ತು ನಂತರ ಮೂರು ಮೊತ್ತಗಳನ್ನು ತಂತ್ರಾಂಶ ಹೋಲಿಸಬೇಕು: ಒಟ್ಟು ಸಾಲುಗಳು, ಒಟ್ಟು ತೆರಿಗೆಯೋಗ್ಯ ಮೌಲ್ಯ, ಒಟ್ಟು ತೆರಿಗೆ. ಬ್ಯಾಂಕ್ ವಿವರವಾದರೆ ಆರಂಭ ಶಿಲ್ಕಿಗೆ ಜಮೆ ಕೂಡಿಸಿ, ಖರ್ಚು ಕಳೆದರೆ ಅಂತಿಮ ಶಿಲ್ಕು ಬರಲೇಬೇಕು. ಒಂದು ಪೈಸೆ ವ್ಯತ್ಯಾಸವಿದ್ದರೂ ತಂತ್ರಾಂಶ ತಾನಾಗಿ ಸರಿಪಡಿಸಲು ಹೋಗಬಾರದು. ಕೆಂಪು ಸೂಚನೆ ನೀಡಿ ನಿಲ್ಲಬೇಕು. ನಿಲ್ಲಲು ಬಾರದ ಯಂತ್ರವನ್ನು ಕಾರ್ಖಾನೆಯಲ್ಲಿ ನಾವು ಇಟ್ಟುಕೊಳ್ಳುವುದಿಲ್ಲ. ಕಛೇರಿಯಲ್ಲೂ ಇಟ್ಟುಕೊಳ್ಳಬಾರದು.

ಕಾನೂನು ಏನು ಬಯಸುತ್ತದೆ?

ಮೂಲವನ್ನು ಮುಟ್ಟಬಾರದೆಂಬ ನನ್ನ ಹಠಕ್ಕೆ ಕಾನೂನಿನ ಆಧಾರವೂ ಇದೆ. ಜಿಎಸ್‌ಟಿ ಕಾಯಿದೆಯ ಕಲಮು 36ರಂತೆ ಲೆಕ್ಕಪತ್ರಗಳನ್ನು, ಆಯಾ ವರ್ಷದ ವಾರ್ಷಿಕ ವಿವರಣ ಪಟ್ಟಿಯ ಗಡುವಿನಿಂದ 72 ತಿಂಗಳು ಕಾಪಾಡಬೇಕು. ನಿಯಮ 56ರಂತೆ ವಿದ್ಯುನ್ಮಾನ ಲೆಕ್ಕಗಳಲ್ಲಿ ತಿದ್ದಿದ ಅಥವಾ ಅಳಿಸಿದ ಪ್ರತಿಯೊಂದು ನಮೂದಿನ ದಾಖಲೆ ಇರಬೇಕು. ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಲೆಕ್ಕ ತಂತ್ರಾಂಶದಲ್ಲಿ ತಿದ್ದುಪಡಿಯ ಜಾಡು ಕಡ್ಡಾಯವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಮು 63ರಡಿ ವಿದ್ಯುನ್ಮಾನ ದಾಖಲೆಯನ್ನು ಹಾಜರುಪಡಿಸುವಾಗ ನೀಡಬೇಕಾದ ಪ್ರಮಾಣಪತ್ರದಲ್ಲಿ ಅದರ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ನಾಲ್ಕು ವರ್ಷಗಳ ನಂತರ ನೋಟೀಸು ಬಂದಾಗ ಹ್ಯಾಶ್ ಹಾಕಿದರೆ, ಕಡತ ಅಂದು ಹೇಗಿತ್ತೆಂಬುದಷ್ಟೇ ತಿಳಿಯುತ್ತದೆ. ಇಳಿಸಿದ ದಿನವೇ ಹಾಕಿಟ್ಟಿದ್ದರೆ ನಡುವೆ ಯಾರೂ ಕೈಯಾಡಿಸಿಲ್ಲ ಎಂಬುದನ್ನು ಹೇಳಲು ನಮ್ಮಲ್ಲಿ ಒಂದು ಆಧಾರವಿರುತ್ತದೆ.

ಕೆಲವು ಆಕ್ಷೇಪಗಳು

ಟ್ಯಾಲಿಯಂತಹ ತಂತ್ರಾಂಶಗಳೇ ಇಂದು 2ಬಿಯನ್ನು ತಾಳೆ ನೋಡುತ್ತವೆ, ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಅವನ್ನು ಬಳಸುವವರು ಬಳಸಲಿ, ಒಳ್ಳೆಯದೇ. ಆದರೆ ಸಿರುಗುಪ್ಪದ ಅಕ್ಕಿ ಗಿರಣಿಯೊಂದಕ್ಕೆ ಬರುವ ಕಡತಗಳಲ್ಲಿ 2ಬಿ ಒಂದು ಮಾತ್ರ. ಎರಡು ಮೂರು ಬ್ಯಾಂಕುಗಳ ವಿವರ, ದಲಾಲರ ಲೆಕ್ಕ, ಸಾರಿಗೆಯವರ ಪಟ್ಟಿ, 26ಎಎಸ್ ಒಂದೊಂದೂ ಒಂದೊಂದು ರೂಪದಲ್ಲಿ ಬರುತ್ತವೆ. ಅವೆಲ್ಲವೂ ಒಂದೇ ಬಾಗಿಲಿನಿಂದ ಒಳಬರಬೇಕೆಂಬುದು ನನ್ನ ಮಾತು.

ಗುಮಾಸ್ತರ ಕೆಲಸಕ್ಕೆ ಕುತ್ತು ಬರುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ನಮ್ಮ ಕಛೇರಿಯಲ್ಲಿ ಯಾರನ್ನೂ ತೆಗೆದಿಲ್ಲ. ಹೆಸರು ಬದಲಿಸುವುದು, ಜಿಪ್ ಬಿಚ್ಚುವುದು, ಕಡತ ಹುಡುಕುವುದು ಇವುಗಳಲ್ಲಿ ಹೋಗುತ್ತಿದ್ದ ಸಮಯ ಈಗ ಬಿಲ್ಲು ತೋರಿಸದ ಪೂರೈಕೆದಾರರಿಗೆ ದೂರವಾಣಿ ಮಾಡುವುದರಲ್ಲಿ ಹೋಗುತ್ತಿದೆ. 14ರಿಂದ 20ರವರೆಗಿನ ಆರು ದಿನಗಳಲ್ಲಿ ಹಣ ಉಳಿಸುವ ಕೆಲಸವೆಂದರೆ ಅದೇ. ಅದನ್ನು ಯಂತ್ರ ಮಾಡಲಾರದು. ಯಾವ ಜಮೆಯನ್ನು ಪಡೆಯಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವನ್ನೂ ನಾವು ಯಂತ್ರಕ್ಕೆ ಬಿಟ್ಟಿಲ್ಲ. ಕಡತವನ್ನು ಸಿದ್ಧಪಡಿಸುವುದು ಯಂತ್ರದ ಕೆಲಸ. ಲೆಕ್ಕವನ್ನು ಒಪ್ಪಿ ಸಹಿ ಮಾಡುವುದು ಮನುಷ್ಯನ ಕೆಲಸ.

ಖರ್ಚಿನ ಪ್ರಶ್ನೆಯೂ ನ್ಯಾಯವಾದದ್ದೇ. ಹತ್ತು ಹೊಲಿಗೆ ಯಂತ್ರಗಳ ಘಟಕವೊಂದು ತನಗಾಗಿಯೇ ತಂತ್ರಾಂಶ ಬರೆಸಲಾರದು. ಇಲ್ಲಿಯೇ ವಾಣಿಜ್ಯೋದ್ಯಮ ಸಂಸ್ಥೆಯ ಪಾತ್ರವಿದೆ. ಸದಸ್ಯರೆಲ್ಲರ ಅಗತ್ಯವೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಸಂಸ್ಥೆಯೇ ಒಂದು ಸಣ್ಣ ಸಮಿತಿ ರಚಿಸಿ, ನಮ್ಮೂರಿನ ತಾಂತ್ರಿಕ ವಿದ್ಯಾರ್ಥಿಗಳ ನೆರವಿನಿಂದ ಸಾಮಾನ್ಯ ತಂತ್ರಾಂಶವೊಂದನ್ನು ಸಿದ್ಧಪಡಿಸಬಹುದು. ಮೊದಲು ಎರಡು ಬಗೆಯ ಕಡತಗಳು ಸಾಕು, 2ಬಿ ಮತ್ತು ಬ್ಯಾಂಕ್ ವಿವರ. ಮೂರು ತಿಂಗಳು ಹಳೆಯ ಪದ್ಧತಿಯೊಂದಿಗೆ ಜೊತೆಜೊತೆಯಾಗಿ ನಡೆಸಿ, ಮೊತ್ತಗಳು ತಾಳೆಯಾದ ಮೇಲೆ ಮುಂದಿನದನ್ನು ಸೇರಿಸಬಹುದು. ಕಡತಗಳು ಸದಸ್ಯರ ಗಣಕಯಂತ್ರದಲ್ಲೇ ಉಳಿಯಬೇಕು, ಬೇರೆಯವರ ಸರ್ವರ್‌ಗೆ ಹೋಗಬಾರದು ಎಂಬುದು ಮೊದಲ ಷರತ್ತಾಗಿರಲಿ.

ಅಲ್ಲಿಯವರೆಗೆ ಯಾವ ತಂತ್ರಾಂಶವೂ ಇಲ್ಲದೆ ಈ ತಿಂಗಳಿನಿಂದಲೇ ಮಾಡಬಹುದಾದದ್ದು ಒಂದಿದೆ. 'ಮೂಲ' ಎಂಬ ಒಂದು ಫೋಲ್ಡರ್, 'ಕೆಲಸ' ಎಂಬ ಇನ್ನೊಂದು ಫೋಲ್ಡರ್ ಮಾಡಿಕೊಳ್ಳಿ. ಇಳಿಸಿದ ಕಡತ ಮೊದಲನೆಯದರಲ್ಲಿ ಹಾಗೆಯೇ ಇರಲಿ. ಪ್ರತಿ ಮಾತ್ರ ಎರಡನೆಯದಕ್ಕೆ ಹೋಗಲಿ. ನಮ್ಮಲ್ಲಿ ಇಷ್ಟೇ ಇದ್ದಿದ್ದರೂ ಸಂಗನಕಲ್ಲಿನ ಆ ಮಿತ್ರರ ಹಣ ಉಳಿಯುತ್ತಿತ್ತು.

ಅದೇ ಸಂಗನಕಲ್ಲಿನ ಗುಡ್ಡಗಳಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದೆ, ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದರು. ಕಲ್ಲು ಸಿಗುತ್ತಿದ್ದ ಹಿರೇಗುಡ್ಡದಲ್ಲೇ ಅದನ್ನು ಒಡೆದು, ಕೆತ್ತಿ ರೂಪ ಕೊಡುವ ಕಾರ್ಯಾಗಾರವಿತ್ತು. ಅವರು ಬಿಟ್ಟುಹೋದ ಚಕ್ಕೆಗಳು ಅಲ್ಲೇ ಉಳಿದಿದ್ದರಿಂದ, ಕೊಡಲಿ ಯಾವ ಯಾವ ಹಂತದಲ್ಲಿ ತಯಾರಾಯಿತೆಂಬುದನ್ನು ವಿದ್ವಾಂಸರು ಇಂದು ಓದಬಲ್ಲವರಾಗಿದ್ದಾರೆ. ನಮ್ಮ ಲೆಕ್ಕವನ್ನೂ ಆರು ವರ್ಷಗಳ ನಂತರ ಯಾರೋ ಒಬ್ಬ ಅಧಿಕಾರಿ ಹೀಗೆಯೇ ಹಿಂದಿನಿಂದ ಓದಲು ಬರುತ್ತಾರೆ. ಅವರ ಮುಂದೆ ಇಡಲು ಮೂಲ ಕಡತವೂ ಆವಕ ಪುಸ್ತಕವೂ ನಮ್ಮ ಬಳಿ ಇರಬೇಕು. ಈ ಬಗ್ಗೆ ಸಂಸ್ಥೆಯ ಮುಂದಿನ ಸಭೆಯಲ್ಲಿ ಚರ್ಚೆಯಾಗಲಿ ಎಂದು ಸದಸ್ಯ ಬಂಧುಗಳಲ್ಲಿ ವಿನಂತಿಸುತ್ತೇನೆ.